ಎಡಗಡೆ ಒಂದು, ಬಲಗಡೆ ಎರಡು

ಸರ್ಬಿಯಾದ ಲುಗಾವಾಟ್ಸ್ ಪಟ್ಟಣದಲ್ಲಿ, ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಹಿಂದೆ, ಎರಡು ಬಾಗಿಲುಗಳ ನಾಲ್ಕಂತಸ್ತಿನ ವಸತಿ ಕಟ್ಟಡವೊಂದಿದೆ. ಒಂದೊಂದು ಬಾಗಿಲಿಗೂ ಬೇರೆ ಮೆಟ್ಟಿಲು, ಬೇರೆ ಮನೆಗಳು. ಆ ವರ್ಷ ಅದರ ನಿವಾಸಿಗಳ ಸಂಘಕ್ಕೆ ಅಧ್ಯಕ್ಷನನ್ನು ಆರಿಸಲು ಕರೆದ ಸಭೆಗೆ ಬಂದವರು ಒಂಬತ್ತು ಜನ. ಎಂಟು ಜನ ತಮಗೆ ಬೆನ್ನುನೋವು, ರಕ್ತದೊತ್ತಡ, ಮಗಳ ಬಾಣಂತನ ಎಂದು ಒಬ್ಬರಾದ ಮೇಲೊಬ್ಬರು ನೆಪ ಒಪ್ಪಿಸಿದರು. ಒಂಬತ್ತನೆಯವನು ತಿಹೊಮಿರ್ ಜೋರ್ಗೊವಿಚ್. ಅವನಿಗೆ ನೆಪ ಹೊಳೆಯುವುದರೊಳಗೆ ಎಂಟೂ ಜನ ಚಪ್ಪಾಳೆ ತಟ್ಟಿಬಿಟ್ಟರು. ಮನೆಗೆ ಹೋಗಿ ಅವನು ಹೆಂಡತಿ ದೆಸಂಕಾಳಿಗೆ, "ಸರ್ವಾನುಮತದಿಂದ ಆರಿಸಿದರು. ಬೇಡ ಅಂದ್ರೂ ಕೇಳ್ಲಿಲ್ಲ" ಎಂದ.

ಅಲ್ಪನ ಕೈಗೆ ಐಶ್ವರ್ಯ ಬಂದರೆ ಕೊಡೆ ಹಿಡಿಯುತ್ತಾನಂತೆ. ತಿಹೊಮಿರನ ಕೈಗೆ ಬಂದದ್ದು ಒಂದು ರಬ್ಬರ್ ಮೊಹರು ಮತ್ತು ನೆಲಮಾಳಿಗೆಯ ಕೀಲಿಕೈ. ಮೊಹರನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಾರುಕಟ್ಟೆಗೆ ಹೋಗತೊಡಗಿದ. ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ, ಯಾರಾದರೂ "ಅದೇನು?" ಎಂದು ಕೇಳಲಿ ಎಂದು ಕಾಯುತ್ತಿದ್ದ. ಯಾರೂ ಕೇಳಲಿಲ್ಲ.

ಚಳಿಗಾಲದಲ್ಲಿ ಮನೆಗಳನ್ನೆಲ್ಲ ಬೆಚ್ಚಗಿಡುವ ನೆಲಮಾಳಿಗೆಯ ಬಾಯ್ಲರನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡಿದ್ದವನು ಮೇಸ್ತ್ರಿ ಗಾವ್ರಿಲೊ. ಈ ಸಲ ಬೆನ್ನು ನೆಟ್ಟಗಾಗಲೆಂದು ಬಿಸಿನೀರಿನ ಬುಗ್ಗೆಗಳಿರುವ ಊರಿಗೆ ಎರಡು ತಿಂಗಳ ಮಟ್ಟಿಗೆ ಹೊರಟಿದ್ದ. ಹೊರಡುವ ಮುಂಚೆ ಹೊಸ ಅಧ್ಯಕ್ಷನನ್ನು ನೆಲಮಾಳಿಗೆಗೆ ಕರೆದೊಯ್ದ.

"ಇದು ಬಾಯ್ಲರು. ಇದು ಪಂಪು. ಪಂಪು ಬಿಸಿನೀರು ತಳ್ಳುತ್ತೆ, ನೀರು ಎಲ್ಲರ ಮನೆ ರೇಡಿಯೇಟರ್ ಸುತ್ಕೊಂಡು ವಾಪಸ್ ಬರುತ್ತೆ. ಇಲ್ಲಿ ಎರಡು ಗೇಜು ನೋಡು. ಎಡಗಡೇದು ಒಂದು ತೋರಿಸ್ಬೇಕು, ಬಲಗಡೇದು ಎರಡು. ಯಾಕಂದ್ರೆ..."

"ಗೊತ್ತು, ಗೊತ್ತು."

"ಏನು ಗೊತ್ತು?"

"ಮೇಸ್ತ್ರಿ, ನಾನು ಮೂವತ್ತು ವರ್ಷ ರೈಲ್ವೆಯಲ್ಲಿದ್ದವನು. ನನಗೆ ಪ್ರೆಶರ್ ಪಾಠ ಹೇಳ್ತೀಯಾ?"

"ನೀನು ಟಿಕೆಟ್ ಕಿಟಕಿಯಲ್ಲಿ ಕೂತಿದ್ದೋನಲ್ವಾ?"

"ಟಿಕೆಟ್ ಇಲ್ದೆ ರೈಲು ಹೊರಡುತ್ತಾ?"

ಗಾವ್ರಿಲೊ ಉತ್ತರ ಹುಡುಕಬಹುದಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. "ಆಯ್ತಪ್ಪ. ಈ ಕೆಂಪು ಚಕ್ರದ ವಾಲ್ವು ಮುಚ್ಚಿದೆ, ಮುಚ್ಚೇ ಇರ್ಲಿ. ಮುಟ್ಟಬೇಡ. ಏನಾದ್ರೂ ಆದ್ರೆ ಫೋನ್ ಮಾಡು" ಎಂದು ಹೇಳಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದ.

ಮರುದಿನ ಬೆಳಿಗ್ಗೆ ತಿಹೊಮಿರ್ ಮಡಚುವ ಕುರ್ಚಿಯೊಂದನ್ನು ಹೊತ್ತುಕೊಂಡು ನೆಲಮಾಳಿಗೆಗೆ ಇಳಿದು, ಟಿವಿ ಮುಂದೆ ಕೂತವನಂತೆ ಗೇಜುಗಳ ಮುಂದೆ ಒಂದು ಗಂಟೆ ಕೂತ. ಎಡಗಡೆಯ ಮುಳ್ಳು ಒಂದರ ಮೇಲಿತ್ತು, ಬಲಗಡೆಯದು ಎರಡರ ಮೇಲೆ. ತಲೆಯೆತ್ತಿ ನೋಡಿದ. ಎಡಗೋಡೆಯ ಮೇಲುಗಡೆ ಕಟ್ಟಡದ ಒಂದನೇ ಬಾಗಿಲು, ತಾನಿರುವ ಕಡೆ. ಬಲಗೋಡೆಯ ಮೇಲುಗಡೆ ಎರಡನೇ ಬಾಗಿಲು. ಸರಿಯಾದ ವಿಚಾರವೊಂದನ್ನು ಮನುಷ್ಯನ ತಲೆಯೊಳಗೆ ಹೊಗಿಸಬೇಕಾದರೆ ಬಾಗಿಲು ಒಡೆಯಬೇಕಾಗುತ್ತದೆ. ತಪ್ಪು ವಿಚಾರ ಚಪ್ಪಲಿ ಸಹ ಕಳಚದೆ ನೇರವಾಗಿ ಅಡುಗೆಮನೆಗೇ ಬಂದು ಕೂರುತ್ತದೆ. ತಿಹೊಮಿರನ ತಲೆಯಲ್ಲೂ ಅದು ಹಾಗೇ ಬಂದು ಕೂತಿತು: ಒಂದನೇ ಬಾಗಿಲಿಗೆ ಒಂದು, ಎರಡನೇ ಬಾಗಿಲಿಗೆ ಎರಡು.

ಮೇಲೆ ಬಂದಾಗ ದೆಸಂಕಾ ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು. ಕಿಟಕಿ ಹಾರುಹೊಡೆದಿತ್ತು, ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

"ನಿನಗೆ ಚಳಿ ಆಗ್ತಿಲ್ವಾ?" ಎಂದ.

"ಕಣ್ಣು ಕಾಣಲ್ವೇನ್ರೀ? ಬೆವರು ಸುರೀತಿದೆ."

"ಅದು ಒಲೆ ಬೆವರು, ರೇಡಿಯೇಟರ್ ಬೆವರಲ್ಲ. ದೆಸಂಕಾ, ನಾವು ಮೋಸ ಹೋಗಿದೀವಿ. ನಿಮ್ಮಮ್ಮ ಇರೋ ಬಾಗಿಲಿಗೆ ಎರಡು ಹೋಗ್ತಿದೆ. ನಮಗೆ ಬರೀ ಒಂದು!"

"ಎರಡು ಏನು?"

ಎರಡು ಏನೆಂಬುದು ತಿಹೊಮಿರನಿಗೆ ಗೊತ್ತಿರಲಿಲ್ಲ. ಅಧ್ಯಕ್ಷನಾದವನು ಅಷ್ಟು ಸಣ್ಣ ವಿವರಕ್ಕೆಲ್ಲ ಇಳಿಯಬಾರದು. "ಎರಡು ಅಂದ್ರೆ ಎರಡು!" ಎಂದು ಗದರಿ, ಕಾಗದ ಹುಡುಕಲು ಹೋದ.

ಮಧ್ಯಾಹ್ನದೊಳಗೆ ಒಂದನೇ ಬಾಗಿಲಿನ ಸೂಚನಾ ಫಲಕದ ಮೇಲೆ ಮೊಹರು ಬಿದ್ದ ನೋಟೀಸು ಬಂತು. "ನಮಗೆ ಒಂದು, ಅವರಿಗೆ ಎರಡು. ಇದು ನ್ಯಾಯವೇ? ಯೋಚಿಸಿ." ಯೋಚಿಸಿ ಎಂದು ಬರೆದದ್ದು ವ್ಯರ್ಥ. ಆ ಬಾಗಿಲಿನಲ್ಲಿ ಹದಿನಾರು ಮನೆಗಳಿದ್ದವು, ಯೋಚಿಸುವ ಚಟ ಒಂದರಲ್ಲೂ ಇರಲಿಲ್ಲ. ಆದರೆ ಚಳಿ ತಕ್ಷಣ ಶುರುವಾಯಿತು. ಹಿಂದಿನ ದಿನದವರೆಗೆ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ಸಿಗರೇಟು ಸೇದುತ್ತಿದ್ದವರು ಕೋಟು ಹಾಕಿಕೊಂಡು ಊಟಕ್ಕೆ ಕೂತರು. ಸೆಕೆ ತಾಳಲಾರದೆ ಇಡೀ ಚಳಿಗಾಲ ಕಿಟಕಿ ತೆರೆದಿಡುತ್ತಿದ್ದ ಎರಡನೇ ಅಂತಸ್ತಿನ ನತಾಲಿಯಾ ಮೇಡಂ ಕಿಟಕಿ ಮುಚ್ಚಿ, ಸಂಜೆಯೊಳಗೆ ಕೆಮ್ಮು ತರಿಸಿಕೊಂಡು, "ಇಪ್ಪತ್ತು ವರ್ಷದಿಂದ ನನ್ನ ಮಂಡಿ ಯಾಕೆ ನೋಯುತ್ತೆ ಅಂತ ಇವತ್ತು ಗೊತ್ತಾಯ್ತು, ಅಧ್ಯಕ್ಷರೇ!" ಎಂದಳು.

ಅಧ್ಯಕ್ಷರೇ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಿಹೊಮಿರನ ಬೆನ್ನು ಎರಡು ಅಂಗುಲ ನೀಳವಾಯಿತು.

ನೋಟೀಸಿನ ಸುದ್ದಿ ಎರಡನೇ ಬಾಗಿಲಿಗೆ ಮುಟ್ಟಲು ಅಂಗಳ ದಾಟಿದರೆ ಸಾಕಾಗಿತ್ತು. ಅಲ್ಲಿನ ಮುಖಂಡ ವುಕೋಮಾನ್ ಸೈನ್ಯದ ನಿವೃತ್ತ ಹವಾಲ್ದಾರ. ಅವನು "ಇದು ಸುಳ್ಳು, ನಮ್ಮನೇಲೂ ನಿಮ್ಮಷ್ಟೇ ಬಿಸಿ" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನಗೆ ನೆರೆಯವನಿಗಿಂತ ದುಪ್ಪಟ್ಟು ಸಿಗುತ್ತಿದೆ ಎಂಬ ಸುದ್ದಿಯನ್ನು ಅಲ್ಲಗಳೆಯುವ ಮನುಷ್ಯ ಆ ಪಟ್ಟಣದಲ್ಲಿ ಇನ್ನೂ ಹುಟ್ಟಿಲ್ಲ. ವುಕೋಮಾನ್ ಅಂಗಿ ಬಿಚ್ಚಿ, ಬರೀ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು, ರಟ್ಟಿನಿಂದ ಗಾಳಿ ಬೀಸಿಕೊಂಡ.

"ಉಸ್ಸಪ್ಪಾ! ಏನು ಸೆಕೆ, ಏನು ಸೆಕೆ! ನಮಗೆ ಎರಡು ಬರುತ್ತೆ ಕಣ್ರೀ. ಈ ಕಟ್ಟಡದ ಬುನಾದಿ ತೋಡ್ದೋರು ನಾವು. ನೀವು ಆಮೇಲೆ ಬಂದು ಸೇರ್ಕೊಂಡ ಬಾಲಗಳು!"

"ಕಳ್ಳರು!" ಎಂದಿತು ಒಂದನೇ ಬಾಗಿಲು.

"ಹೊಟ್ಟೆಕಿಚ್ಚಿನೋರು!" ಎಂದಿತು ಎರಡನೆಯದು.

ಹೀಗಿರುವಾಗ ಡಿಸೆಂಬರಿನಲ್ಲಿ ತಿಹೊಮಿರನ ಅತ್ತೆ ಪೆರ್ಸಿದಾಳ ಮನೆಸಂತನ, ಅಂದರೆ ಅವಳ ಮನೆತನವನ್ನು ಕಾಯುವ ಸಂತನ, ಹಬ್ಬ ಬಂತು. ಎಂಬತ್ತೊಂದು ವರ್ಷದ ಪೆರ್ಸಿದಾ ಇದ್ದದ್ದು ಎರಡನೇ ಬಾಗಿಲಿನ ಮೂರನೇ ಅಂತಸ್ತಿನಲ್ಲಿ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ತಾವಾಗಿಯೇ ಬರಬೇಕು, ಬಾರದವನು ಸತ್ತಂತೆ. ತಿಹೊಮಿರ್ ಬಂದ. ಆದರೆ ಬರುವಾಗ ಕೋಟಿನೊಳಗೆ ಒಂದು ಥರ್ಮಾಮೀಟರ್ ಅಡಗಿಸಿಕೊಂಡು ಬಂದ.

ಪಾದ್ರಿ ರೊಟ್ಟಿ ಆಶೀರ್ವದಿಸಿ ಹೋದ ಮೇಲೆ, ಎಲ್ಲರೂ ಸಾರಿನಲ್ಲಿ ಮುಳುಗಿದ್ದಾಗ, ತಿಹೊಮಿರ್ ಥರ್ಮಾಮೀಟರನ್ನು ರೇಡಿಯೇಟರ್ ಮೇಲ್ಗಡೆ, ಪರದೆಯ ಹಿಂದೆ ಸಿಕ್ಕಿಸಿದ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿದ. ಇಪ್ಪತ್ತೆರಡು ಡಿಗ್ರಿ. ಬೆಳಿಗ್ಗೆ ತನ್ನ ಮನೆಯಲ್ಲೂ ಇಪ್ಪತ್ತೆರಡೇ ಇತ್ತು. ಬುದ್ಧಿಯಿದ್ದವನಾಗಿದ್ದರೆ ಅಲ್ಲೇ ಥರ್ಮಾಮೀಟರಿಗೆ ಕೈಮುಗಿದು, ಮೊಹರು ಬಿಸಾಡಿ, ಇನ್ನೊಂದು ಬಟ್ಟಲು ಸಾರು ಕೇಳುತ್ತಿದ್ದ. ತಿಹೊಮಿರ್ ಅದನ್ನು ಅಲ್ಲಾಡಿಸಿ, "ಇದೂ ಅವರ ಕಡೆ ಸೇರ್ಕೊಂಡಿದೆ" ಎಂದು ಗೊಣಗಿದ. ಗೊಣಗಾಟ ಅತ್ತೆಯ ಕಿವಿಗೆ ಬಿತ್ತು. ಎಂಬತ್ತೊಂದರಲ್ಲೂ ಅವಳ ಕಿವಿ ಬಹಳ ಚುರುಕು.

"ಅಳಿಯಾ, ಏನದು ಕೈಯಲ್ಲಿ?"

"ಏನಿಲ್ಲ ಅತ್ತೆ."

"ಹಬ್ಬದ ದಿನ ನನ್ನ ಮನೆಗೆ ಜ್ವರ ಇದೆಯಾ ಅಂತ ನೋಡ್ತಿದೀಯಾ?"

"ಅತ್ತೆ, ನಿಜ ಹೇಳಿ. ಬಿಸಿ ಎಲ್ಲಿ ಬಚ್ಚಿಟ್ಟಿದೀರಾ?"

ಮೇಜಿನ ಸುತ್ತ ಕೂತಿದ್ದ ಹದಿನೇಳು ನೆಂಟರು ಚಮಚ ಕೆಳಗಿಟ್ಟರು. ಪೆರ್ಸಿದಾ ಬಾಗಿಲಿನ ಕಡೆ ಬೆರಳು ತೋರಿಸಿದಳು, ಅಷ್ಟೆ. ತಿಹೊಮಿರ್ ಎದ್ದು, "ದೆಸಂಕಾ, ನಡಿ" ಎಂದ. ದೆಸಂಕಾ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿಕೊಂಡಳು.

"ನೀವೇ ಹೇಳಿದ್ರಲ್ಲ, ಈ ಕಡೆ ಎರಡು ಇದೆ ಅಂತ. ನನಗ್ಯಾಕ್ರೀ ಬೇಕು ಆ ಒಂದು? ನಾನು ಇಲ್ಲೇ ಇರ್ತೀನಿ."

ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ಆ ವಾರ ಒಂದನೇ ಬಾಗಿಲಿನ ಇನ್ನೂ ಮೂವರು ಹೆಂಗಸರು ಎರಡನೇ ಬಾಗಿಲಿನ ಅಕ್ಕತಂಗಿಯರ ಮನೆಗೆ "ಬೆಚ್ಚಗಿರೋಕೆ" ಹೋಗಿ ಕೂತರು. ಅವರ ಗಂಡಂದಿರು ಒಣ ಬ್ರೆಡ್ಡು ಜಗಿಯುತ್ತ ಅಧ್ಯಕ್ಷನ ಬಾಗಿಲು ಬಡಿದರು. ತಿಹೊಮಿರ್ ನಗರಸಭೆಗೆ ಒಂಬತ್ತು ಪುಟದ ಅರ್ಜಿ ಬರೆದ.

ನಗರಸಭೆಯ ವಸತಿ ವಿಭಾಗದಿಂದ ಯೆವ್ರೋಸಿಮಾ ಎಂಬ ಅಧಿಕಾರಿ ಬಂದಳು. ಚರ್ಮದ ಕೈಚೀಲ, ಎತ್ತರದ ಹಿಮ್ಮಡಿಯ ಬೂಟು. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಎಡಗಡೆಯಿಂದ ತಿಹೊಮಿರ್, ಬಲಗಡೆಯಿಂದ ವುಕೋಮಾನ್ ಅವಳ ತೋಳು ಹಿಡಿದಿದ್ದರು. ಅವಳು ಗೇಜುಗಳನ್ನು ಮೊದಲು ಕನ್ನಡಕವಿಲ್ಲದೆ ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ಯಾರದು?"

"ನಮ್ಮದು ಮೇಡಂ. ಒಂದು."

"ಅದು?"

"ನಮ್ಮದು," ಎಂದ ವುಕೋಮಾನ್ ಎದೆಯುಬ್ಬಿಸಿ. "ಎರಡು. ಮೊದಲಿಂದಲೂ ಎರಡೇ."

"ಒಂದೇ ಕಟ್ಟಡದಲ್ಲಿ ಎರಡು ಅಂಕಿ ಇರಕೂಡದು," ಎಂದಳು ಯೆವ್ರೋಸಿಮಾ. ತನಗೆ ಅರ್ಥವಾಗದ ವಿಷಯದ ಬಗ್ಗೆ ತೀರ್ಪು ಕೊಡುವುದು ಅವಳ ವೃತ್ತಿ. ಅದರಲ್ಲಿ ಅವಳಿಗೆ ಎರಡು ಬಡ್ತಿಯೂ ಸಿಕ್ಕಿತ್ತು. "ಎರಡೂ ಕಡೆಯಿಂದ ಮೂರು ಮೂರು ಜನರ ಸಮಿತಿ ಮಾಡಿ. ನನ್ನ ಎದುರಿಗೇ ಸಮ ಮಾಡಿ. ನಾನು ಮೊಹರು ಹಾಕ್ತೀನಿ."

"ಮೇಸ್ತ್ರಿಯನ್ನ ಕೇಳಿದ್ರೆ..." ಎಂದು ಸಮಿತಿಯಲ್ಲಿ ಯಾರೋ ಶುರುಮಾಡಿದರು.

"ಮೇಸ್ತ್ರಿ ಏನು ಆರಿಸಿ ಬಂದವನಾ?" ಎಂದ ತಿಹೊಮಿರ್. ಆ ಮಾತಿಗೆ ಎರಡೂ ಕಡೆಯವರು ತಲೆದೂಗಿದರು.

ಸಮಿತಿ ಕೆಲಸಕ್ಕಿಳಿಯಿತು. ಮೊದಲನೇ ವಾಲ್ವು ತಿರುಗಿಸಿದಾಗ ಪೈಪು ಹಸುವಿನಂತೆ ಕೂಗಿತು. ಎರಡನೆಯದನ್ನು ತಿರುಗಿಸಿದಾಗ ಬಲಗಡೆಯ ಮುಳ್ಳು ಇನ್ನೂ ಮೇಲೇರಿತು, ವುಕೋಮಾನನ ಕಡೆಯವರು ಜೈಕಾರ ಹಾಕಿದರು. ಗಾಬರಿಯಾಗಿ ಅದನ್ನು ಮೊದಲಿನಂತೆ ತಿರುಗಿಸಿದರು. ಉಳಿದದ್ದು ಕೆಂಪು ಚಕ್ರ. ತಿಹೊಮಿರ್ ಒಂದು ಕ್ಷಣ ಹಿಂಜರಿದ. ಅವನ ಜೀವಮಾನದಲ್ಲಿ ಬುದ್ಧಿ ಅವನನ್ನು ಭೇಟಿಯಾಗಲು ಬಂದದ್ದು ಆ ಒಂದೇ ಕ್ಷಣ. ಅಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿಕೊಂಡಳು. ಅವನು ಎರಡೂ ಕೈಯಿಂದ ಚಕ್ರ ಹಿಡಿದು, ಅದು ನಿಲ್ಲುವವರೆಗೂ ತಿರುಗಿಸಿದ.

ಎಡಗಡೆಯ ಮುಳ್ಳು ಮೆಲ್ಲನೆ ಏರಿತು. ಬಲಗಡೆಯದು ಮೆಲ್ಲನೆ ಇಳಿಯಿತು. ಎರಡೂ ಒಂದೂವರೆಯ ಮೇಲೆ ಬಂದು, ಅಣ್ಣತಮ್ಮಂದಿರಂತೆ ನಿಂತವು.

ಆ ನೆಲಮಾಳಿಗೆಯಲ್ಲಿ ಅಂಥ ಸಂಭ್ರಮ ಹಿಂದೆಂದೂ ಆಗಿರಲಿಲ್ಲ. ವುಕೋಮಾನ್ ಪ್ಲಮ್ ಹಣ್ಣಿನ ಮದ್ಯ ರಾಕಿಯಾ ತಂದ. ಒಂದು ತಿಂಗಳಿಂದ ಮುಖ ನೋಡದವರು ಕೆನ್ನೆಗೆ ಮೂರು ಮೂರು ಮುತ್ತಿಟ್ಟುಕೊಂಡರು. ಯೆವ್ರೋಸಿಮಾ ಕೆಂಪು ಚಕ್ರಕ್ಕೆ ತಂತಿ ಸುತ್ತಿ ಸೀಸದ ಮೊಹರು ಹಾಕಿ, "ಇನ್ಮುಂದೆ ಯಾರೂ ಇದನ್ನ ಮುಟ್ಟಕೂಡದು" ಎಂದು ಬರೆಸಿ ಎಲ್ಲರ ಸಹಿ ಪಡೆದಳು. ಇತ್ತ ಬಿಸಿನೀರು ಹೊಸದಾಗಿ ತೆರೆದ ಅಡ್ಡದಾರಿ ಹಿಡಿದು, ಪಂಪಿನಿಂದ ಹೊರಟು ಮತ್ತೆ ಪಂಪಿಗೇ ಬರುತ್ತ, ನೆಲಮಾಳಿಗೆಯಲ್ಲೇ ಗಿರಗಿರ ಸುತ್ತತೊಡಗಿತು. ಮೇಲಿನ ಮೂವತ್ತೆರಡು ಮನೆಗಳ ಕಡೆ ಅದು ತಿರುಗಿಯೂ ನೋಡಲಿಲ್ಲ.

ಜನವರಿ ಬಂತು, ಮೊರಾವಾ ನದಿಯ ದಡ ಹೆಪ್ಪುಗಟ್ಟಿತು. ಎರಡೂ ಬಾಗಿಲಿನ ರೇಡಿಯೇಟರುಗಳು ಹೆಣದಂತೆ ತಣ್ಣಗಾದವು. ಆದರೆ ಯಾರೂ ಬಾಯಿ ಬಿಡಲಿಲ್ಲ. ಮೊದಲು ಚಳಿ ಎಂದವರು ಸೋತಂತೆ, ಸಹಿ ಹಾಕಿದ ಒಪ್ಪಂದ ಮುರಿದಂತೆ. ವುಕೋಮಾನ್ ಹಟಕ್ಕೆ ಬಿದ್ದು ಬನಿಯನ್ನಿನಲ್ಲೇ ಬಾಲ್ಕನಿಗೆ ಬರುತ್ತಿದ್ದ. ಕಿವಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನತಾಲಿಯಾ ಮೇಡಂ ಮೂರು ಸ್ವೆಟರಿನೊಳಗಿಂದ ತಲೆ ಹೊರಹಾಕಿ, "ಈಗ ಎಷ್ಟು ಹಿತವಾಗಿದೆ ಅಲ್ವಾ ಅಧ್ಯಕ್ಷರೇ? ನ್ಯಾಯದ ಬಿಸಿಯೇ ಬೇರೆ" ಎಂದಳು. ಮಾತಾಡುವಾಗ ಬಾಯಿಂದ ಹೊಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ದೆಸಂಕಾ ಫೋನ್ ಮಾಡಿದಳು. "ರೀ, ಅಮ್ಮನಿಗೆ ಎದೆ ಕಟ್ಟಿದೆ. ಕಾಲು ನೀಲಿಯಾಗಿದೆ. ಮನೆ ಐಸ್ ಪೆಟ್ಟಿಗೆ ಆಗಿದೆ. ಕೆಳಗೆ ಹೋಗಿ ಅದೇನು ಅಂತ ನೋಡ್ರೀ."

ತಿಹೊಮಿರ್ ಹೋಗಿ ನೋಡಿ ಬಂದು ತಿರುಗಿ ಫೋನ್ ಮಾಡಿದ. "ಎರಡೂ ಸಮ ಇದೆ ಕಣೇ. ಅಮ್ಮನಿಗೆ ಚಳಿ ಆಗೋಕೆ ಸಾಧ್ಯವೇ ಇಲ್ಲ."

"ಸಾಧ್ಯ ಇಲ್ವಾ? ಡಾಕ್ಟರು ಇಲ್ಲೇ ಇದಾರೆ, ಅವರಿಗೇ ಹೇಳಿ!"

ಡಾಕ್ಟರ ದನಿ ಬಂತು. "ನೋಡಿ, ಇವತ್ತು ಸಂಜೆಯೊಳಗೆ ಈ ಮನೆ ಬಿಸಿಯಾಗ್ಬೇಕು, ಇಲ್ಲಾ ಇವರನ್ನ ಆಸ್ಪತ್ರೆಗೆ ಸೇರಿಸ್ಬೇಕು. ಈ ವಯಸ್ಸಿಗೆ ಆಸ್ಪತ್ರೆಗೆ ಹೋದೋರು ವಾಪಸ್ ಬರ್ತಾರೆ ಅಂತ ನಾನು ಹೇಳಲಾರೆ."

ತಿಹೊಮಿರ್ ಫೋನ್ ಇಟ್ಟ. ಡಾಕ್ಟರ ಮಾತಿನ ಹಿಂದೆ ಅಳುತ್ತಿದ್ದ ದೆಸಂಕಾಳ ದನಿ ಕಿವಿಯಲ್ಲಿ ಉಳಿದಿತ್ತು. ತಣ್ಣನೆ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಮರ್ಯಾದೆ ನುಂಗಿಕೊಂಡು ಮೇಸ್ತ್ರಿ ಗಾವ್ರಿಲೊಗೆ ಫೋನ್ ಮಾಡಿದ.

ಮಧ್ಯಾಹ್ನದ ಬಸ್ಸಿಗೆ ಗಾವ್ರಿಲೊ ಬಂದಿಳಿದ. ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. ನೆಲಮಾಳಿಗೆಗೆ ಇಳಿದು ಗೇಜುಗಳ ಮೇಲೊಮ್ಮೆ ಕಣ್ಣಾಡಿಸಿ, ಇಕ್ಕಳದಿಂದ ಸೀಸದ ಮೊಹರು ಕತ್ತರಿಸಿದ. ಕೆಂಪು ಚಕ್ರವನ್ನು ಪೂರ್ತಿ ಮುಚ್ಚಿದ. ಪಂಪಿನ ಸದ್ದು ಬದಲಾಯಿತು. ಎಡಗಡೆಯ ಮುಳ್ಳು ಒಂದಕ್ಕೆ ಇಳಿಯಿತು, ಬಲಗಡೆಯದು ಎರಡಕ್ಕೆ ಏರಿತು. ಮೇಲೆ ಹೋಗುವ ಪೈಪು ಟಿಕ್ ಟಿಕ್ ಎನ್ನುತ್ತ ಬಿಸಿಯಾಗತೊಡಗಿತು.

"ಈ ಗೇಜು ಪಂಪಿಗೆ ಮುಂಚೆ," ಎಂದ ಗಾವ್ರಿಲೊ. "ಆ ಗೇಜು ಪಂಪು ದಾಟಿದ ಮೇಲೆ. ನೀರು ಒಂದರಲ್ಲಿ ಒಳಗೆ ಬರುತ್ತೆ, ಪಂಪು ತಳ್ಳಿದ ಮೇಲೆ ಎರಡಾಗುತ್ತೆ. ಎರಡೂ ಸಮ ಇದ್ರೆ ಪಂಪು ಮೇಲಕ್ಕೆ ಏನೂ ತಳ್ತಿಲ್ಲ ಅಂತ ಅರ್ಥ."

"ಹಾಗಾದ್ರೆ ಎರಡು ಬಾಗಿಲಿಗೆ..."

"ಎರಡು ಬಾಗಿಲಿಗೂ ಹೋಗೋದು ಒಂದೇ ಪೈಪು, ಒಂದೇ ನೀರು. ಬಾಗಿಲಿನ ವಿಷಯ ಪಂಪಿಗೇನಯ್ಯ ಗೊತ್ತು?"

ತಿಹೊಮಿರ್ ಮಡಚುವ ಕುರ್ಚಿಯ ಮೇಲೆ ಕುಸಿದು ಕೂತ. ಕುತ್ತಿಗೆಯಿಂದ ಕಿವಿಯವರೆಗೆ ಬಿಸಿಯೇರಿತು. ಆ ಜನವರಿಯಲ್ಲಿ ಕಟ್ಟಡದಲ್ಲಿ ಮೊದಲು ಬಿಸಿಯಾದದ್ದು ಅವನೇ.

"ಮೇಲೆ ಹೋಗಿ ನಾನು ಹೇಳ್ಲಾ, ನೀನು ಹೇಳ್ತೀಯಾ?" ಎಂದು ಮೇಸ್ತ್ರಿ ಕೇಳಿದ.

"ನಾನೇ ಹೇಳ್ತೀನಿ," ಎಂದ ತಿಹೊಮಿರ್. ಇದನ್ನು ಅವನ ಪುಣ್ಯದ ಲೆಕ್ಕಕ್ಕೆ ಹಾಕಲೇಬೇಕು.

ಮರುದಿನ ಮಧ್ಯಾಹ್ನ ಒಂದನೇ ಬಾಗಿಲಿನ ಕೆಳಗಿನ ಹಜಾರದಲ್ಲಿ ಎರಡೂ ಬಾಗಿಲಿನವರ ಸಭೆ ಸೇರಿತು. ರೇಡಿಯೇಟರ್ ಸುಡುತ್ತಿತ್ತು. ಜನ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದರು, ಕೆಲವರು ರೇಡಿಯೇಟರಿಗೇ ಬೆನ್ನು ಕೊಟ್ಟು ನಿಂತಿದ್ದರು. ತಿಹೊಮಿರ್ ಎಲ್ಲವನ್ನೂ ಹೇಳಿದ. ಎಡಗಡೆಯದು ನಮ್ಮದಲ್ಲ, ಬಲಗಡೆಯದು ಅವರದಲ್ಲ, ತಪ್ಪು ನನ್ನದು, ಮೇಸ್ತ್ರಿ ಹೇಳಲು ಬಂದಾಗ ನಾನು ಕೇಳಿಸಿಕೊಳ್ಳಲಿಲ್ಲ ಎಂದ. ಹುಟ್ಟಿದಂದಿನಿಂದ ಅವನು ಇಷ್ಟು ಸ್ಪಷ್ಟವಾಗಿ, ಇಷ್ಟು ಚಿಕ್ಕದಾಗಿ ಮಾತಾಡಿರಲಿಲ್ಲ.

"ಏನು ಕೊಟ್ರು ನಿನಗೆ?" ಎಂದಳು ನತಾಲಿಯಾ ಮೇಡಂ.

"ಯಾರು?"

"ಆ ಕಡೆಯೋರು. ಏನು, ಹೊಗೆ ಹಾಕಿದ ಹಂದಿ ತೊಡೆನಾ? ಹೆಂಡತಿ ಅಲ್ಲೇ ಇದಾಳೆ, ಅತ್ತೆ ಅಲ್ಲೇ ಇದಾಳೆ. ಈಗ ಗಂಡನೂ ಅಲ್ಲಿಗೇ ಸೇರ್ಕೊಂಡ!"

"ನತಾಲಿಯಾ ಮೇಡಂ, ನಿಮ್ಮ ಬೆನ್ನ ಹಿಂದೆ ರೇಡಿಯೇಟರ್ ಮುಟ್ಟಿ ನೋಡಿ. ಬಿಸಿ ಇಲ್ವಾ?"

"ಬಿಸಿ ಇದ್ರೆ ಏನು? ಗೇಜು ಒಂದು ತೋರಿಸ್ತಿದೆ!"

ವುಕೋಮಾನ್ ತನ್ನ ಬೆಂಬಲಕ್ಕೆ ಬರಬಹುದೆಂದು ತಿಹೊಮಿರ್ ಆ ಕಡೆ ತಿರುಗಿದ. ವುಕೋಮಾನನ ಮುಖ ಎಲ್ಲರಿಗಿಂತ ಕೆಂಪಾಗಿತ್ತು. "ಅಂದ್ರೆ ನಮ್ಮ ಎರಡು ನಮ್ಮದಲ್ಲ ಅಂತೀಯಾ? ಅದು ಪಂಪಿನದು ಅಂತೀಯಾ? ಇಷ್ಟು ಜನರ ಮುಂದೆ ಎರಡನೇ ಬಾಗಿಲಿನ ಮಾನ ತೆಗೀತೀಯಾ?"

"ಮೇಸ್ತ್ರಿ, ನೀನಾದ್ರೂ ಹೇಳು," ಎಂದ ತಿಹೊಮಿರ್.

ಗಾವ್ರಿಲೊ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ, "ಈ ಮೇಸ್ತ್ರಿಗೆ ಯಾವ ಬಾಗಿಲಲ್ಲಿ ನೆಂಟರಿದಾರೆ, ಮೊದಲು ಅದನ್ನ ಹೇಳ್ಲಿ!" ಎಂದರು. ಗಾವ್ರಿಲೊ ಟೋಪಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೊರಟುಹೋದ. ಇಪ್ಪತ್ತೆರಡು ವರ್ಷದ ಅನುಭವವೆಂದರೆ ಅದು.

ಕೈ ಎತ್ತಿಸಿದರು. ಎರಡು ತಿಂಗಳಿಂದ ಒಬ್ಬರ ನೆರಳು ಕಂಡರೆ ಇನ್ನೊಬ್ಬರಿಗಾಗದಿದ್ದ ಎರಡು ಬಾಗಿಲುಗಳು ಅಂದು ಒಂದೇ ಮನಸ್ಸಿನಿಂದ ತಿಹೊಮಿರನನ್ನು ಕಿತ್ತುಹಾಕಿದವು. ತಪ್ಪು ಹೇಳುತ್ತಿದ್ದಷ್ಟು ದಿನ ಅವನು ಅಧ್ಯಕ್ಷನಾಗಿದ್ದ, ಸರಿಯಾದದ್ದನ್ನು ಹೇಳಿದ ಮೇಲೆ ಹತ್ತು ನಿಮಿಷವೂ ಉಳಿಯಲಿಲ್ಲ. ಹೊಸ ಅಧ್ಯಕ್ಷ ವುಕೋಮಾನ್. "ಯಾರಿಗೂ ಒಂದಲ್ಲ, ಒಂದೂವರೆಯೂ ಅಲ್ಲ. ಎರಡು ಬಾಗಿಲಿಗೂ ಎರಡೆರಡು ಕೊಡಿಸ್ತೀನಿ!" ಎಂದು ಅವನು ಘೋಷಿಸಿದಾಗ ಹಜಾರದ ಗಾಜು ನಡುಗುವಂತೆ ಚಪ್ಪಾಳೆ ಬಿತ್ತು.

ತಿಹೊಮಿರ್ ಅಂಗಳ ದಾಟಿ ಅತ್ತೆಯ ಮನೆಗೆ ಹೋದ. ಪೆರ್ಸಿದಾ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಪಾದವನ್ನು ರೇಡಿಯೇಟರಿಗೆ ಒತ್ತಿಕೊಂಡು ಕೂತಿದ್ದಳು. ಉಸಿರು ಹಗುರಾಗಿತ್ತು. ಅವನು ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದ. "ಅತ್ತೆ, ನಿಮ್ಮ ಜೀವಕ್ಕೇ ಕುತ್ತು ತಂದಿದ್ದೆ" ಎಂದ.

"ನಗರಸಭೆಯವಳು ಸಮಿತಿ ಮಾಡಿ, ಮೊಹರು ಹಾಕಿ, ರಾಕಿಯಾ ಕುಡಿದು ಹೋದ್ರೂ ಈ ಜನಾನ ಒಂದು ಮಾಡೋಕಾಗ್ಲಿಲ್ಲ," ಎಂದಳು ಪೆರ್ಸಿದಾ. "ನೀನು ಒಂದು ನಿಜ ಹೇಳಿ ಒಂದು ಮಾಡಿದೆ. ಬಾ, ಕೂತ್ಕೋ. ದೆಸಂಕಾ, ಇವನಿಗೂ ಬಟ್ಟಲು ಇಡಮ್ಮ."

ದೆಸಂಕಾ ಗಂಡನ ಮುಖ ನೋಡದೆ ಬಟ್ಟಲಿಟ್ಟಳು. ಆದರೆ ಹುರುಳಿಕಾಯಿ ಬೀಜದ ಸಾರನ್ನು ತಳದಿಂದ ಕಲಕಿ, ಮಾಂಸದ ತುಂಡಿರುವ ಸೌಟನ್ನೇ ಬಡಿಸಿದಳು.

ಎರಡನೇ ಚಮಚ ಬಾಯಿಗಿಡುವಷ್ಟರಲ್ಲಿ ಗೋಡೆಯೊಳಗಿನ ಪೈಪು ಹಸುವಿನಂತೆ ಕೂಗಿತು. ಕೆಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಅದರ ಹಿಂದೆಯೇ ವುಕೋಮಾನನ ಕೂಗು: "ಇನ್ನೂ ತಿರುಗಿಸಿ, ಇನ್ನೂ!"

ಪೆರ್ಸಿದಾ ರೇಡಿಯೇಟರಿನಿಂದ ಪಾದ ತೆಗೆದು, ಅದಕ್ಕೆ ಅಂಗೈ ಒತ್ತಿ ನೋಡಿದಳು.

"ಅಳಿಯಾ," ಎಂದಳು, "ಊಟ ಮುಗಿಸಿ ಅಟ್ಟ ಹತ್ತು. ನಿಮ್ಮ ಮಾವನ ಕಾಲದ ಕಟ್ಟಿಗೆ ಒಲೆ ಅಲ್ಲೇ ಇದೆ. ಹೊಗೆಕೊಳವೆ ಸಮೇತ ಇಳಿಸು."